ಹತ್ತು ವರ್ಷದ ಬಿಪಿ

ಕಾಂತರಾಜು ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ಸ್ವಲ್ಪ ಮಾತ್ರ ತಿರುಗಿಸಿದ್ದ. ಪೂರ್ತಿ ತಿರುಗಿಸಿದ್ದರೆ ನೆಟ್ಟಗೆ ನಿಂತೇ ಓದಬಹುದಿತ್ತು. ಈಗ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನ ಮೇಲೆ ಬಾಗಿ, ಕತ್ತು ಓರೆ ಮಾಡಿ ಓದಬೇಕು. ಹಿಂದೆ ಸಾಲಿನಲ್ಲಿದ್ದವರು ತನ್ನ ಬೆನ್ನನ್ನೂ ನಾಲ್ಕು ದಿನದಿಂದ ಎಣ್ಣೆ ಕಾಣದ ಜಡೆಯನ್ನೂ ನೋಡುತ್ತಿರಬಹುದು ಅನ್ನಿಸಿ ಸುವರ್ಣಾಗೆ ಓದಿದ್ದು ತಲೆಗೆ ಹತ್ತಲಿಲ್ಲ. ಮತ್ತೆ ಮೊದಲಿನಿಂದ ಓದಿದಳು. ಇನ್ಶೂರೆನ್ಸ್ ಕಂಪನಿಯಿಂದ ಬಂದ, ಇಂಗ್ಲಿಷಿನ ನಾಲ್ಕೇ ಸಾಲು. ವಿಶ್ವವಿದ್ಯಾಲಯದ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕಾಗದಪತ್ರ ಬರೆದ ಅಭ್ಯಾಸದಿಂದ ಅವು ಮನಸ್ಸಿನಲ್ಲಿ ತಾವಾಗಿಯೇ ಕನ್ನಡದ ಟಿಪ್ಪಣಿಯಾದವು. ರೋಗಿ ಜಯದೇವಿ, ವಯಸ್ಸು ಎಪ್ಪತ್ತಾರು, ಇವರಿಗೆ ಹತ್ತು ವರ್ಷಗಳಿಂದ ರಕ್ತದೊತ್ತಡವಿದೆಯೆಂದು ಆಸ್ಪತ್ರೆಗೆ ಸೇರಿದ ದಿನದ ಕೇಸ್‌ಶೀಟಿನಲ್ಲಿ ದಾಖಲಾಗಿದೆ. ಪಾಲಿಸಿ ನಾಲ್ಕು ವರ್ಷದ್ದು. ಪಾಲಿಸಿ ಪಡೆಯುವಾಗ ಈ ಸಂಗತಿಯನ್ನು ತಿಳಿಸಿರುವುದಿಲ್ಲ. ಈ ಬಗ್ಗೆ ಸಮಜಾಯಿಷಿ ನೀಡುವುದು. ಸಮಜಾಯಿಷಿ ಎಂಬ ಪದವನ್ನು ಅವಳು ಎಷ್ಟು ಜನ ಗುಮಾಸ್ತರಿಗೆ, ಎಷ್ಟು ಜನ ಉಪನ್ಯಾಸಕರಿಗೆ ಬರೆದು ಕಳಿಸಿದ್ದಳೋ ಲೆಕ್ಕವಿಲ್ಲ. ಅದು ಈ ಕಡೆಯಿಂದ ಹೀಗೆ ಕಾಣುತ್ತದೆ ಎಂದು ಗೊತ್ತಿರಲಿಲ್ಲ.

"ಹತ್ತು ವರ್ಷ ಅಂತ ಯಾರು ಹೇಳಿದ್ದು?" ಎಂದಳು, ಉತ್ತರ ಗೊತ್ತಿದ್ದೂ.

"ಪೇಷೆಂಟೇ ಹೇಳಿರೋದು ಮೇಡಂ. ಡ್ಯೂಟಿ ಡಾಕ್ಟ್ರು ಬರ್ಕೊಂಡಿದಾರೆ, ನೋಡಿ." ಕಾಂತರಾಜುವಿಗೆ ಮೂವತ್ತೈದು ಇರಬಹುದು. ಬೆಳಗಿನಿಂದ ನೂರು ಸಲ ಹೇಳಿದ್ದನ್ನೇ ಹೇಳುವವನ ದನಿ. ಆದರೆ ಒರಟಲ್ಲ. "ಇದಕ್ಕೆ ಸರಿಯಾಗಿ ಉತ್ರ ಹೋಗ್ಲಿಲ್ಲ ಅಂದ್ರೆ ಕ್ಲೇಮ್ ರಿಜೆಕ್ಟ್ ಮಾಡ್ತಾರೆ. ಅಷ್ಟೇ ಆದ್ರೆ ಪರವಾಗಿಲ್ಲ, ಪಾಲಿಸೀನೇ ಕ್ಯಾನ್ಸಲ್ ಮಾಡ್ಬಿಟ್ರೆ ಕಷ್ಟ. ಈ ವಯಸ್ಸಿಗೆ ಹೊಸದು ಯಾರೂ ಕೊಡಲ್ಲ."

"ನೀವು ಸ್ವಲ್ಪ ಹೇಳಿ ನೋಡಿ."

"ನಮ್ಮ ಕೈಲಿ ಏನೂ ಇಲ್ಲ ಮೇಡಂ. ಎಲ್ಲಾ ಅವರ ಕೈಲಿ."

ನಿನ್ನೆ ಸಂಜೆ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದಾಗ ಅಲ್ಲಿಯ ಹುಡುಗಿಯೂ ಇದನ್ನೇ ಅಂದಿದ್ದಳು. ನಮ್ಮ ಕೈಲಿ ಏನಿಲ್ಲ ಮೇಡಂ, ಬಿಲ್ ಮಾಡೋದು ಆಸ್ಪತ್ರೆಯವರು. ಮೂಳೆ ಡಾಕ್ಟರನ್ನು ಕೇಳಿದರೆ, ನಾನು ಮೂಳೆ ಕೂಡಿಸೋನು ತಾಯಿ, ರೇಟೆಲ್ಲ ಕೆಳಗೆ ಕೇಳಿ ಎಂದು ಕೈತೊಳೆಯಲು ಹೋದರು. ಪ್ಲೇಟಿಗೆ ಇಷ್ಟು, ಸ್ಕ್ರೂ ಒಂದಕ್ಕೆ ಇಷ್ಟು ಎಂದು ಬರೆದವರು ಯಾರೋ, ಅದನ್ನು ಕತ್ತರಿಸುವವರು ಯಾರೋ. ಈ ಎಲ್ಲರ ನಡುವೆ ಒಂದು ಕೈ ಇರಲೇಬೇಕು, ಅದು ಯಾವುದೋ ಊರಿನ ಯಾವುದೋ ಮಹಡಿಯಲ್ಲಿ ತನ್ನ ಅತ್ತೆ ಜಯದೇವಿಯ ಕಾಲಿನ ಚಿತ್ರವನ್ನು ಬೆಳಕಿಗೆ ಹಿಡಿದು ನೋಡುತ್ತಿದೆ ಎಂದು ಸುವರ್ಣಾ ಕಲ್ಪಿಸಿಕೊಳ್ಳುತ್ತಿದ್ದಳು. ಉಗುರು ಚೊಕ್ಕಟವಾಗಿ ಕತ್ತರಿಸಿದ ಕೈ.

ಸೋಮವಾರ ಬೆಳಿಗ್ಗೆ ಬಿಲ್ವಪತ್ರೆಯವಳನ್ನು ಕೂಗುತ್ತ ಗೇಟಿನ ಕಡೆ ಅವಸರದಿಂದ ಇಳಿಯುವಾಗ ಜಯದೇವಿ ಕೊನೆಯ ಮೆಟ್ಟಿಲು ತಪ್ಪಿ ಬಿದ್ದಿದ್ದರು. ಕಾಲು ಹರಡಿನ ಹತ್ತಿರ ತಿರುಚಿಕೊಂಡು ಕುಂಬಳಕಾಯಿಯಂತೆ ಊದಿತ್ತು. ಬಸವೇಶ್ವರನಗರದ ಮನೆಯಿಂದ ಕಾರ್ಡ್ ರೋಡಿನ ಈ ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ. ತುರ್ತು ಚಿಕಿತ್ಸೆಯ ಬಾಗಿಲಲ್ಲಿ ಏನಾಯಿತು ಎಂದು ಕೇಳುವ ಮೊದಲು, ಇನ್ಶೂರೆನ್ಸಾ ಕ್ಯಾಶಾ ಎಂದು ಕೇಳಿದ್ದರು. ಇನ್ಶೂರೆನ್ಸ್ ಎಂದಾಗ ತನ್ನ ದನಿಯಲ್ಲಿ ಬಂದ ಸಣ್ಣ ಹಮ್ಮು ಅವಳಿಗೆ ಈಗ ನೆನಪಾಗಿ ಕಿವಿ ಬಿಸಿಯಾಯಿತು. ಒಳಗೆ ಪಕ್ಕದ ಹಾಸಿಗೆಯಲ್ಲಿ ಇಪ್ಪತ್ತೆರಡು ವರ್ಷದ ಸಕ್ಕರೆ ಕಾಯಿಲೆಯ ಹೆಂಗಸೊಬ್ಬಳು. ಡಾಕ್ಟರ್ ಕಶ್ಯಪ್, ಇನ್ನೂ ಮೀಸೆ ಗಟ್ಟಿಯಾಗದ ಹುಡುಗ, ಅವಳ ಹತ್ತಿರವೇ ನಿಂತು ಕೇಳಿದ್ದನ್ನೇ ಕೇಳುತ್ತಿದ್ದ, ಹೌದಾ ಅಮ್ಮ, ಅಯ್ಯೋ, ಎಂದು ತಲೆದೂಗುತ್ತಿದ್ದ. ಜಯದೇವಿ ನೋವಿನಲ್ಲೂ ಅತ್ತ ಕಡೆಯೇ ಕಣ್ಣಿಟ್ಟಿದ್ದರು. ಕೊನೆಗೆ ಅವನು ಇತ್ತ ಬಂದು, ಬಿಪಿ ಶುಗರ್ ಏನಾದ್ರೂ ಇದ್ಯಾ ಅಮ್ಮ ಎಂದಾಗ, "ಬಿಪಿ ಇದೆಯಪ್ಪ. ಹತ್ತು ವರ್ಷ ಆಯ್ತು. ಯಾವ ಡಾಕ್ಟ್ರ ಕೈಗೂ ಬಗ್ಗಿಲ್ಲ" ಎಂದರು, ಹಣೆಯ ವಿಭೂತಿ ನೆರಿಗೆಯಾಗುವಷ್ಟು ಗಂಭೀರವಾಗಿ. ಸುವರ್ಣಾ ಕಾಲಬಳಿ ನಿಂತು ಇನ್ನೊಂದು ಫಾರಂ ತುಂಬುತ್ತಿದ್ದವಳು ಕೇಳಿಸಿಕೊಂಡಳು. ಮಾತ್ರೆ ಶುರುವಾಗಿ ಎರಡೂವರೆ ವರ್ಷವಷ್ಟೇ ಎಂಬುದು ಅವಳಿಗೆ ಗೊತ್ತು. ತಿದ್ದಲಿಲ್ಲ. ದಾವಣಗೆರೆ ಕಡೆಯ ಮದುವೆಗಳಲ್ಲಿ ನಾದಿನಿ ಓರಗಿತ್ತಿಯರೆಲ್ಲ ಊಟದ ನಂತರ ಚಾಪೆಯ ಮೇಲೆ ಕಾಲು ಚಾಚಿ ತಮ್ಮ ತಮ್ಮ ಕಾಯಿಲೆಗಳ ವಯಸ್ಸು ಹೇಳಿಕೊಳ್ಳುತ್ತಾರೆ. ತಡವಾಗಿ ಬಿಪಿ ಬಂದ ಜಯದೇವಿಗೆ ಅಲ್ಲಿ ಹಿಂದಿನ ಸಾಲು. ಹಾಗಾಗಿ ಆ ಬಿಪಿ ಒಂದು ಮದುವೆಯಲ್ಲಿ ನಾಲ್ಕು ವರ್ಷದ್ದಾಯಿತು, ಇನ್ನೊಂದರಲ್ಲಿ ಏಳು, ಕಳೆದ ಕಾರ್ತಿಕದಲ್ಲಿ ಹತ್ತು. ಸೊಸೆಯಾದವಳು ಪಕ್ಕದಲ್ಲಿ ಕೂತು ಎಲೆ ಅಡಿಕೆ ತಟ್ಟೆ ಸರಿಸುವುದಲ್ಲದೆ ಲೆಕ್ಕ ಒಪ್ಪಿಸುತ್ತಾಳೆಯೇ? ಅವಳಿಗೆ ಅದು ಇಷ್ಟವೂ ಆಗುತ್ತಿತ್ತು. ಹುಡುಗ ಡಾಕ್ಟರ್ ಬರೆದುಕೊಳ್ಳುವಾಗ ನಕ್ಕಿದ್ದಳು ಕೂಡ.

"ಇದಕ್ಕೊಂದು ಫಾರ್ಮ್ಯಾಟ್ ಇದೆ ಮೇಡಂ," ಎಂದು ಕಾಂತರಾಜು ಡ್ರಾಯರಿನಿಂದ ಝೆರಾಕ್ಸ್ ಹಾಳೆಯೊಂದನ್ನು ತೆಗೆದ. ಹೆಸರು, ವರ್ಷಗಳ ಜಾಗ ಖಾಲಿ ಬಿಟ್ಟಿತ್ತು. ವಯೋಸಹಜ ಮರೆವಿನ ಕಾರಣ ರೋಗಿಯು ದಾಖಲಾತಿಯ ಸಮಯದಲ್ಲಿ ತಪ್ಪು ಮಾಹಿತಿ ನೀಡಿರುತ್ತಾರೆ. "ಎಲ್ರೂ ಇದನ್ನೇ ಕೊಡೋದು. ಪೇಷೆಂಟ್ ಸೈನು, ನಿಮ್ ಸೈನು, ಜೊತೆಗೆ ಬಿಪಿ ಮಾತ್ರೆ ಮೊದಲನೇ ಸಲ ಬರ್ಕೊಟ್ಟ ಚೀಟಿ. ಹನ್ನೆರಡರ ಒಳಗೆ ಕೊಟ್ರೆ ಇವತ್ತೇ ಡಿಸ್ಚಾರ್ಜ್ ಆಗ್ಬೋದು."

ಚೀಟಿ ಅವಳ ಫೋನಿನಲ್ಲೇ ಇತ್ತು. ಅವಳು ಯಾವ ಚೀಟಿಯನ್ನೂ ಕಳೆದವಳಲ್ಲ. ಲಿಫ್ಟಿನ ಹತ್ತಿರದ ಕುರ್ಚಿಯಲ್ಲಿ ಕೂತು, ಬಿನ್ನಿಪೇಟೆಯ ಮೋಟಾರು ಅಂಗಡಿಯಲ್ಲಿದ್ದ ಗಂಡನಿಗೆ ಫೋನು ಮಾಡಿದಳು. ಗಿರಿರಾಜ್ ಗಿರಾಕಿಯ ಜೊತೆ ಮಾತು ಅರ್ಧಕ್ಕೆ ನಿಲ್ಲಿಸಿ ಎಲ್ಲ ಕೇಳಿಸಿಕೊಂಡ.

"ಅವ್ರು ಹೇಳ್ದಂಗೆ ಸೈನ್ ಹಾಕ್ಸಿ ಕೊಟ್ಬಿಡೇ."

"ಅತ್ತೆಗೆ ಮರೆವು ಅಂತ ಬರ್ದಿದೆರೀ ಇದರಲ್ಲಿ."

"ಕನ್ನಡಕ ಕೊಡ್ಬೇಡ."

ತಮಾಷೆಗೆ ಅಂದದ್ದೋ ನಿಜಕ್ಕೋ ತಿಳಿಯಲಿಲ್ಲ. ಫೋನು ಇಟ್ಟ ಮೇಲೆ ಅವಳು ಎದ್ದುಹೋಗದೆ ಹಾಗೇ ಕೂತಳು. ಗಂಡನಿಗೆ ಹೇಳದ ಒಂದು ಮಾತಿತ್ತು. ನಾಲ್ಕು ವರ್ಷದ ಹಿಂದೆ, ಕೊರೋನಾದ ಎರಡನೇ ಅಲೆ ಇಳಿಯುತ್ತಿದ್ದಾಗ, ಬೀದಿಯಲ್ಲಿ ಮೂರು ಮನೆಗಳಿಗೆ ಸಾವು ಬಂದು ಹೋಗಿದ್ದಾಗ, ಹೆದರಿ ಕೊಂಡ ಪಾಲಿಸಿ ಅದು. ಆಗ ಪರೀಕ್ಷೆಗೆ ಯಾರೂ ಮನೆಗೆ ಬರುತ್ತಿರಲಿಲ್ಲ. ಕಂಪನಿಯ ಡಾಕ್ಟರೊಬ್ಬರು ಫೋನಿನಲ್ಲೇ ಪ್ರಶ್ನೆ ಕೇಳಿದರು. ಅತ್ತೆಗೆ ಫೋನಿನ ದನಿ ಸರಿಯಾಗಿ ಕೇಳುವುದಿಲ್ಲವೆಂದು ಉತ್ತರವೆಲ್ಲ ಅವಳೇ ಹೇಳಿದಳು. ಬಿಪಿ? ಇಲ್ಲ. ಶುಗರ್? ಇಲ್ಲ. ಅದಕ್ಕೆ ಒಂದು ತಿಂಗಳ ಹಿಂದೆ ಕುರುಬರಹಳ್ಳಿಯ ಅಮೀನಪ್ಪನ ಮೆಡಿಕಲ್ ಸ್ಟೋರಿನಲ್ಲಿ ತಲೆನೋವಿನ ಮಾತ್ರೆಗೆ ಹೋದಾಗ, ಅಮೀನಪ್ಪ ಹೊಸದಾಗಿ ತಂದ ಯಂತ್ರದ ಪಟ್ಟಿಯನ್ನು ಅತ್ತೆಯ ತೋಳಿಗೆ ಸುಮ್ಮನೆ ಸುತ್ತಿ, ಸ್ವಲ್ಪ ಜಾಸ್ತಿ ತೋರಿಸ್ತಿದೆ ಅಕ್ಕ, ಉಪ್ಪಿನಕಾಯಿ ಕಡಿಮೆ ಮಾಡ್ಸಿ ಎಂದಿದ್ದ. ಫೋನಿನಲ್ಲಿ 'ಇಲ್ಲ' ಎನ್ನುವ ಮೊದಲು ಆ ಪಟ್ಟಿ ಅವಳ ಕಣ್ಣ ಮುಂದೆ ಬಂದಿತ್ತೆ? ಬಂದಿತ್ತು. ಎಷ್ಟು ಹೊತ್ತು? ಉಸಿರೆಳೆದುಕೊಳ್ಳುವಷ್ಟು. ಕಚೇರಿಯ ಟಿಪ್ಪಣಿಗಳಲ್ಲಿ 'ಇಲ್ಲ' ಬೇರೆ, 'ಗಮನಕ್ಕೆ ಬಂದಿರುವುದಿಲ್ಲ' ಬೇರೆ ಎಂದು ಕಿರಿಯರಿಗೆ ಪಾಠ ಹೇಳುತ್ತಿದ್ದವಳು ಅವಳೇ. ಆ ದಿನ ಅವಳ ಬಾಯಿಂದ ಬಂದದ್ದು ಬರೀ 'ಇಲ್ಲ'. ಹಾಗಾದರೆ ಈ ಹಾಳೆಯ ಮೇಲಿನ ಮರೆವು ಯಾರದು? ಅತ್ತೆಯ ತಲೆಗೆ ಅದನ್ನು ಕಟ್ಟಿ ತಾನು ಪಾರಾಗುವುದು ಎಷ್ಟು ಸಲೀಸು. ಕೆಳಗೆ ಒಂದು ಸಹಿ, ಅಷ್ಟೇ.

ಎರಡನೇ ಮಹಡಿಯ ಕೋಣೆಯಲ್ಲಿ ಜಯದೇವಿ ಬ್ಯಾಂಡೇಜಿನ ಕಾಲನ್ನು ದಿಂಬಿನ ಮೇಲಿಟ್ಟು ಕಿಟಕಿಯಾಚೆ ಹೋಗುವ ಮೆಟ್ರೋ ನೋಡುತ್ತಿದ್ದರು. ತಲೆ ಬಾಚಿಸಿಕೊಂಡು, ವಿಭೂತಿ ಇಟ್ಟುಕೊಂಡು ಹೊರಡಲು ತಯಾರಾಗಿದ್ದರು. ಲಿಂಗದ ಕರಡಿಗೆ ಎದೆಯ ಮೇಲೆ ಸ್ವಸ್ಥಾನಕ್ಕೆ ಬಂದಿತ್ತು. ಆಪರೇಷನ್ನಿನ ದಿನ ಅದನ್ನು ಬಿಚ್ಚಲ್ಲ ಎಂದು ಅವರು ಹಟ ಹಿಡಿದದ್ದರಿಂದ ಕೊನೆಗೆ ಸಿಸ್ಟರೊಬ್ಬಳು ಬೆಳ್ಳಿಯನ್ನು ಬಿಟ್ಟು ಲಿಂಗವನ್ನಷ್ಟೇ ಬ್ಯಾಂಡೇಜಿನ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿದ್ದಳು.

"ಏನಂತೆ, ಬಿಡ್ತಾರಂತಾ?"

"ಒಂದು ಸೈನ್ ಬೇಕಂತೆ ಅತ್ತೆ." ಸುವರ್ಣಾ ಹಾಳೆಯನ್ನು ರಟ್ಟಿನ ಮೇಲಿಟ್ಟು ಪೆನ್ನು ಕೊಟ್ಟಳು. ಬೆರಳು ಖಾಲಿ ಗೆರೆಯ ಹತ್ತಿರವೇ ಇತ್ತು. ಇಲ್ಲಿ, ಎನ್ನುವಂತೆ.

"ಕನ್ನಡಕ ಎಲ್ಲಿ?"

ಅದು ಅವಳ ಚೀಲದಲ್ಲಿತ್ತು. ಮನೆಯಲ್ಲೇ ಉಳಿಯಿತು ಎಂದರೆ ನಂಬುತ್ತಿದ್ದರು. ನಂಬುತ್ತಾರೆ ಎಂಬುದೇ ಅವಳನ್ನು ತಡೆಯಿತು. ತೆಗೆದು, ಸೆರಗಿನಿಂದ ಗಾಜು ಒರೆಸಿ ಕೊಟ್ಟಳು. ಜಯದೇವಿ ಪ್ರತಿ ಪದವನ್ನೂ ತುಟಿಯಲ್ಲಿ ಹೇಳಿಕೊಳ್ಳುತ್ತ ಓದಿದರು. ಒಂದು ಕಡೆ ತುಟಿ ನಿಂತಿತು.

"ಯಾರಿಗೆ ಮರೆವು?"

"ಅದು ಅವ್ರ ಫಾರಂ ಅತ್ತೆ. ಎಲ್ಲರಿಗೂ ಅದೇ ಕೊಡ್ತಾರಂತೆ."

"ಎಲ್ಲರೂ ಮರ್ತವ್ರೇನಾ ಇಲ್ಲಿ ಬರೋದು?" ಕನ್ನಡಕ ತೆಗೆದು ಹಾಸಿಗೆಯ ಮೇಲಿಟ್ಟರು. "ನಿಮ್ಮ ಮಾವನ್ನ ಮರ್ತ್ಯಾ? ಅವ್ರಿಗೆ ಮರೆವು ಅಂತ ಡಾಕ್ಟ್ರು ಒಂದು ಸಲ ಕಾಗದದಲ್ಲಿ ಬರೆದ್ರು. ಆಮೇಲೆ ಆ ಮನುಷ್ಯ ನೀರು ಬೇಕು ಅಂದ್ರೂ, ಈಗ್ತಾನೆ ಕುಡಿದ್ರಲ್ಲ ಅಂತಿದ್ವಿ. ಕುಡಿದೇ ಇರ್ಲಿಲ್ಲ ಎಷ್ಟೋ ಸಲ. ನಾನು ಇದಕ್ಕೆ ಸೈನ್ ಹಾಕಲ್ಲ."

"ಹಾಕಲಿಲ್ಲ ಅಂದ್ರೆ ಇನ್ಶೂರೆನ್ಸ್ ಕೊಡಲ್ಲಂತೆ. ಮುಂದಕ್ಕೂ ಇರಲ್ಲಂತೆ."

ಸುವರ್ಣಾ ಇದನ್ನು ಮೆಲ್ಲಗೆ ಹೇಳಿದಳು. ಜಯದೇವಿ ಅವಳ ಮುಖವನ್ನೇ ನೋಡಿದರು. ದಿಟ್ಟಿಸಿ ನೋಡುವ ಆ ರೀತಿಗೆ ಇಪ್ಪತ್ನಾಲ್ಕು ವರ್ಷದಿಂದ ಅವಳು ಹೆದರುತ್ತಲೇ ಬಂದಿದ್ದಳು, ಸಾರಿಗೆ ಉಪ್ಪು ಹೆಚ್ಚಾದಾಗ, ತಡವಾಗಿ ಮನೆಗೆ ಬಂದಾಗ. ಈಗ ಆ ಕಣ್ಣಲ್ಲೂ ಹೆದರಿಕೆ ಇರುವುದು ಕಂಡಿತು.

"ಆ ಹುಡುಗ ಡಾಕ್ಟ್ರಿಗೆ ಹೇಳಿದ್ನಲ್ಲ, ಅದಕ್ಕಾ ಇಷ್ಟೆಲ್ಲಾ?"

"ಹೂಂ."

"ಜಂಬಕ್ಕೆ ಹೇಳ್ದೆ ಅಂತ ಬರಿ ಹಂಗಾದ್ರೆ." ಮುಖ ಕಿಟಕಿಯ ಕಡೆ ತಿರುಗಿತು. "ಪಕ್ಕದೋಳ ಹತ್ರ ಅಷ್ಟೊತ್ತು ನಿಂತಿದ್ದ. ನಂದು ಎರಡೂವರೆ ವರ್ಷ ಅಂದ್ರೆ ನಿಲ್ತಿದ್ನಾ? ಜಂಬಗಾರ್ತಿ ಅಂತ ಬರಿ ಬೇಕಾದ್ರೆ. ತಲೆ ಕೆಟ್ಟೋಳು ಅಂತ ಬರೀಬೇಡ."

ಸುವರ್ಣಾಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಜಯದೇವಿ ಗಂಭೀರವಾಗಿಯೇ ಇದ್ದರು, ಆಮೇಲೆ ಅವರ ಹೊಟ್ಟೆಯೂ ಹೊದಿಕೆಯ ಕೆಳಗೆ ಕುಲುಕಿತು. ಆ ನಗುವಿನಲ್ಲಿ ಅವಳ ಬಾಯಿಂದ ಇನ್ನೊಂದು ಮಾತು ಜಾರಿ ಬಂತು. ಅಮೀನಪ್ಪನ ಅಂಗಡಿಯದು, ಫೋನಿನಲ್ಲಿ ಇಲ್ಲ ಎಂದದ್ದು. ಹೇಳುವಾಗ ಹೊದಿಕೆಯ ಅಂಚನ್ನು ಮಡಿಸುತ್ತ, ಬಿಡಿಸುತ್ತ ಇದ್ದಳು.

"ಗೊತ್ತು ಬಿಡು," ಎಂದರು ಜಯದೇವಿ. "ಪಟ್ಟಿ ಸುತ್ತಿದ್ದು ನನ್ನ ತೋಳಿಗೆ ಅಲ್ವಾ. ನೀನು ಫೋನಲ್ಲಿ ಇಲ್ಲ ಅಂದಾಗ ನಾನು ಪಕ್ಕದಲ್ಲೇ ಬಟಾಣಿ ಬಿಡಿಸ್ತಿದ್ದೆ. ಸದ್ಯ ಅಂದ್ಕೊಂಡೆ."

ನಾಲ್ಕು ವರ್ಷ ಒಬ್ಬಳೇ ಹೊತ್ತಿದ್ದು ಎಂದುಕೊಂಡದ್ದು ಇಬ್ಬರದಾಗಿತ್ತು, ಅಡುಗೆಮನೆಯ ನೆಲದ ಮೇಲೆ, ಬಟಾಣಿ ಸಿಪ್ಪೆಯ ನಡುವೆ. ಕೇಳಿ ಅವಳಿಗೆ ಮೊದಲು ಅವಮಾನವಾಯಿತು, ಬಚ್ಚಿಟ್ಟ ಜಾಗದಲ್ಲೇ ಯಾರೋ ಮೊದಲಿನಿಂದ ಕೂತಿದ್ದರು ಎಂಬ ಅವಮಾನ. ಆಮೇಲೆ ಮೈ ಹಗುರಾಯಿತು. ಹಾಳೆಯ ಹಿಂಬದಿ ಖಾಲಿ ಇತ್ತು. ಬರೆದಳು. ಕಚೇರಿಯಲ್ಲಾದರೆ ಮೊದಲ ಕರಡು, ತಿದ್ದಿದ ಕರಡು, ಆಮೇಲೆ ಶುದ್ಧಪ್ರತಿ. ಇಲ್ಲಿ ಒಂದೇ ಸಲಕ್ಕೆ ಬಂತು.

'ನನಗೆ ಬಿಪಿ ಮಾತ್ರೆ ಶುರುವಾಗಿ ಎರಡೂವರೆ ವರ್ಷ. ಮೊದಲ ಚೀಟಿ ಲಗತ್ತಿಸಿದೆ. ಡಾಕ್ಟರು ನನ್ನನ್ನು ಸರಿಯಾಗಿ ನೋಡಲಿ ಎಂದು ಹತ್ತು ವರ್ಷ ಎಂದು ಹೆಚ್ಚು ಮಾಡಿ ಹೇಳಿದೆ. ನನಗೆ ಮರೆವು ಇಲ್ಲ.' ಇದರ ಕೆಳಗೆ ತನ್ನದೂ ಮೂರು ವಾಕ್ಯ: 'ಪಾಲಿಸಿ ಪಡೆಯುವ ಒಂದು ತಿಂಗಳ ಮೊದಲು ಔಷಧಿ ಅಂಗಡಿಯಲ್ಲಿ ಒಮ್ಮೆ ನೋಡಿದಾಗ ಸ್ವಲ್ಪ ಹೆಚ್ಚು ತೋರಿಸಿತ್ತು. ಡಾಕ್ಟರ ಬಳಿ ಹೋಗಿರಲಿಲ್ಲ. ಫೋನಿನಲ್ಲಿ ಕೇಳಿದಾಗ ಇದನ್ನು ನಾನು ಹೇಳಲಿಲ್ಲ. ಸುವರ್ಣಾ, ಸೊಸೆ.' ಜಯದೇವಿ ಓದಿ, 'ಮರೆವು ಇಲ್ಲ' ಎಂಬುದರ ಕೆಳಗೆ ಒಂದು ಗೆರೆ ಎಳೆದು, ತಮ್ಮ ಹೆಸರನ್ನು ಉದ್ದಕ್ಕೆ, ಒತ್ತಿ ಬರೆದರು.

ಕೆಳಗೆ ಕಾಂತರಾಜು ಓದಿ ತಲೆ ಕೆರೆದುಕೊಂಡ. "ಮೇಡಂ, ಮೇಲಿನದು ಏನೋ ಇರ್ಲಿ. ಕೆಳಗಿನದು ಯಾಕೆ? ಯಾರೂ ಕೇಳೇ ಇಲ್ವಲ್ಲ ಅದನ್ನ."

"ಇರಲಿ."

"ನಾನು ಹೇಳ್ತೀನಿ ಕೇಳಿ, ಯಾರೂ ಇಷ್ಟು ಬರೆಯಲ್ಲ. ನೀವೇ ಬಾಯಿಬಿಟ್ಟು ಸಿಕ್ಕಾಕ್ಕೊಂಡಂಗಾಗುತ್ತೆ."

"ಹಾಗೇ ಕಳ್ಸಿ."

ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ಅವನು ಸುಮ್ಮನೆ ಸ್ಕ್ಯಾನ್ ಮಾಡಿದ. ಆ ಗಟ್ಟಿತನ ಲಿಫ್ಟಿನವರೆಗೆ ಉಳಿಯಿತು. ಒಳಗೆ ಬಾಗಿಲು ಮುಚ್ಚಿಕೊಂಡ ಕೂಡಲೇ ಲೆಕ್ಕ ಶುರುವಾಯಿತು. ಎರಡು ಲಕ್ಷದ ಮೇಲಿನ ಬಿಲ್ಲು, ಮುಂದೆಂದೂ ಸಿಗದ ಪಾಲಿಸಿ, ಇನ್ನು ಹತ್ತು ವರ್ಷ ಬದುಕಿರಲಿ ಎಂದು ತಾನು ಮನಸಾರೆ ಬಯಸುವ ಈ ಮುದುಕಿ. ಮೂರು ವಾಕ್ಯಕ್ಕಾಗಿ ಇದನ್ನೆಲ್ಲ ಒತ್ತೆ ಇಟ್ಟೆನೆ? ಸತ್ಯ ಹೇಳಿದ್ದು ಒಳ್ಳೆಯತನಕ್ಕೋ, ಇಲ್ಲ ನಾಲ್ಕು ವರ್ಷದ ತುರಿಕೆ ನೀಗಿಸಿಕೊಳ್ಳುವುದಕ್ಕೋ? ಗಂಡ ಕೇಳಿದರೆ ಏನೆನ್ನುವುದು? ಕೋಣೆಗೆ ಬಂದು ಅತ್ತೆಯ ಹತ್ತಿರ ಕೂತಳು. ಕ್ಯಾಂಟೀನಿನಿಂದ ತಂದ ಎರಡು ಇಡ್ಲಿಯಲ್ಲಿ ಒಂದನ್ನು ತಿಂದಳು. ಅತ್ತೆ ಇನ್ನೊಂದನ್ನೂ ಅವಳ ಕಡೆಯೇ ಸರಿಸಿದರು.

ಎರಡೂವರೆಗೆ ಫೋನು ಬಂತು. ಕಂಪನಿಯ ಡಾಕ್ಟರು, ಹೆಂಗಸು. ಹುಬ್ಬಳ್ಳಿ ಕಡೆಯ ಎಳೆತ ಇದ್ದ ಮೃದುವಾದ ಕನ್ನಡ. ಇಷ್ಟು ದಿನ ಕಲ್ಪಿಸಿಕೊಂಡಿದ್ದ ಆ ಕೈಗೆ ಹೀಗೊಂದು ದನಿ ಇರಬಹುದು ಎಂದು ಸುವರ್ಣಾ ಎಣಿಸಿರಲಿಲ್ಲ. ಹಿಂದೆ ಎಲ್ಲೋ ಪ್ರೆಷರ್ ಕುಕ್ಕರ್ ಕೂಗಿತು. ಮನೆಯಿಂದಲೇ ಕೆಲಸ ಮಾಡುತ್ತಿರಬೇಕು. ಪೇಷೆಂಟಿನ ಜೊತೆಗೇ ಮಾತಾಡಬೇಕಂತೆ. ಸ್ಪೀಕರ್ ಹಾಕಿ ಅತ್ತೆಯ ಕಿವಿಯ ಹತ್ತಿರ ಹಿಡಿದಳು.

"ಅಮ್ಮಾರೇ, ಈ ಕಾಗದ ನೀವೇ ಬರಸೀರೇನ್ರಿ?"

"ಹೌದಮ್ಮ. ನಾನು ಹೇಳ್ದೆ, ಸೊಸೆ ಬರೆದ್ಲು."

"ಹತ್ತು ವರ್ಷ ಅಂತ ಸುಮ್ನ ಹೇಳಿದ್ರಿ?"

"ಪಕ್ಕದೋಳಿಗೆ ಇಪ್ಪತ್ತೆರಡು ವರ್ಷದ ಶುಗರಮ್ಮ. ನಾನು ಇನ್ನೂ ಕಡಿಮೇನೇ ಹೇಳಿದ್ದು."

ಆ ಕಡೆ ಗಂಟಲು ಸರಿಮಾಡಿಕೊಳ್ಳುವ ಸದ್ದು, ನಗು ನುಂಗಿದವರು ಮಾಡುವಂಥದ್ದು. ಇವತ್ತು ವಾರ ಯಾವುದು, ಮೊಮ್ಮಕ್ಕಳೆಷ್ಟು, ಬಿದ್ದದ್ದು ಹೇಗೆ ಎಂದೆಲ್ಲ ಕೇಳಿದರು. ಜಯದೇವಿ ಶುಕ್ರವಾರ ಎಂದರು, ಬಿಲ್ವಪತ್ರೆಯ ಕಟ್ಟಿನ ಬೆಲೆಯನ್ನೂ ಸೇರಿಸಿ ಹೇಳಿದರು. ಕೊನೆಗೆ ದನಿ ಸುವರ್ಣಾಳನ್ನು ಕೇಳಿತು. ಅಂಗಡಿಯಲ್ಲಿ ನೋಡಿದ ಮೇಲೆ ಮಾತ್ರೆ ಏನಾದರೂ ತಗೊಂಡಿದ್ದರಾ? ಮತ್ತೆ ಎಲ್ಲಾದರೂ ತೋರಿಸಿದ್ದರಾ? ಇಲ್ಲ, ಇಲ್ಲ. ಈ ಎರಡು 'ಇಲ್ಲ'ಗಳನ್ನು ಹೇಳುವಾಗ ಅವಳು ಒಂದೊಂದನ್ನೂ ನೆಲದ ಮೇಲೆ ಕಾಲೂರಿ ನೋಡುವಂತೆ ತೂಗಿ ಹೇಳಿದಳು.

"ಒಮ್ಮೆ ಜಾಸ್ತಿ ಬಂದ್ರ ಅದು ಬಿಪಿ ಅಂತ ಆಗೂದಿಲ್ಲರಿ. ಆದ್ರ ಹೇಳಬೇಕಾಗಿತ್ತು."

"ಹೌದು. ಹೇಳಬೇಕಾಗಿತ್ತು."

"ಆತು. ನೋಡ್ತೀವಿ."

ಫೋನು ಆರಿದ ಮೇಲೆ ಜಯದೇವಿ, "ಯಾರೋ ಒಳ್ಳೆ ಮನೆಯೋಳು" ಎಂದು ತೀರ್ಪು ಕೊಟ್ಟು ದಿಂಬಿಗೆ ಒರಗಿದರು. ಸುವರ್ಣಾಗೆ ಆ ಒಂದು ಬೈಗುಳ ಕಿವಿಯಲ್ಲಿ ಉಳಿದುಕೊಂಡಿತ್ತು. ಅದು ಬೈಗುಳವೂ ಅಲ್ಲ. ಕ್ಲೇಮು ಏನಾದರಾಗಲಿ, ಹೇಳಬೇಕಾಗಿತ್ತು ಎಂದು ಯಾರೋ ಒಬ್ಬರು ಹೇಳಿಯಾಯಿತು, ತಾನು ಒಪ್ಪಿಯಾಯಿತು. ಹಾಗೆಂದುಕೊಂಡರೂ ಮುಂದಿನ ಎರಡು ಗಂಟೆ ಪ್ರತಿ ಐದು ನಿಮಿಷಕ್ಕೆ ಫೋನು ತೆಗೆದು ನೋಡುತ್ತಲೇ ಇದ್ದಳು.

ನಾಲ್ಕು ಮುಕ್ಕಾಲಿಗೆ ಕಾಂತರಾಜು ಕೆಳಗೆ ಕರೆಸಿದ. ಒಪ್ಪಿಗೆ ಬಂದಿತ್ತು. ಕೈಗವಸು, ಹತ್ತಿ, ದಾಖಲಾತಿ ಶುಲ್ಕ, ಯಾವುದೋ ಸರ್ವಿಸ್ ಚಾರ್ಜು ಇವಿಷ್ಟನ್ನು ಕತ್ತರಿಸಿ ಉಳಿದದ್ದಕ್ಕೆ. ಪಾಲಿಸಿಯ ಬಗ್ಗೆ ಒಂದೇ ಸಾಲು, ಬಿಪಿಯನ್ನು ಅದರಲ್ಲಿ ಈಗ ಸೇರಿಸಿದೆ, ಮುಂದುವರಿಯುತ್ತದೆ. ಕತ್ತರಿಸಿದ ಹದಿನೇಳು ಸಾವಿರವನ್ನು ಕಟ್ಟುವಾಗ, ನಾಲ್ಕು ದಿನಕ್ಕೆ ಇಷ್ಟೊಂದು ಕೈಗವಸೇ, ಇದನ್ನು ಕೇಳುವವರು ಯಾರು ಎಂದು ಎಂದಿನಂತೆ ತಕರಾರು ಹುಟ್ಟಿತು. ಕೇಳಿಯೂ ಬಿಟ್ಟಳು. ಕಾಂತರಾಜು ರಸೀದಿ ಕೈಗಿಡುತ್ತ, "ನಾನು ರಿಜೆಕ್ಟ್ ಆಗುತ್ತೆ ಅಂದ್ಕೊಂಡಿದ್ದೆ ಮೇಡಂ" ಎಂದ. ಅವನ ಮುಖದಲ್ಲಿ ಖುಷಿಯೂ ಇತ್ತು, ತನ್ನ ಡ್ರಾಯರಿನ ಹಾಳೆಯ ಬಗ್ಗೆ ಸಣ್ಣ ಗಲಿಬಿಲಿಯೂ. ಗಿರಿರಾಜ್‌ಗೆ, ಆಯಿತು, ಕಾರು ತನ್ನಿ ಎಂದು ಮೆಸೇಜು ಹಾಕಿದಳು. ಹೇಗಾಯಿತು ಎಂಬುದನ್ನು ಎದುರಿಗೇ ಹೇಳಬೇಕು ಎಂದು ಅಷ್ಟಕ್ಕೇ ನಿಲ್ಲಿಸಿದಳು.

ಮೇಲೆ ಬಂದಾಗ ಜಯದೇವಿ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಕೈ ಕರಡಿಗೆಯ ಮೇಲೆ. ಪಕ್ಕದ ಕೋಣೆಯಲ್ಲಿ ಯಾರಿಗೋ ಆಪರೇಷನ್ ಒಳ್ಳೆಯದಾಯಿತೆಂದು ಹಂಚಿದ ಮೈಸೂರ್‌ಪಾಕಿನ ತುಂಡೊಂದು ಪೇಪರಿನಲ್ಲಿ ಸುತ್ತಿ ತಲೆದಿಂಬಿನ ಹತ್ತಿರ ಇತ್ತು. ಅರ್ಧ ತಿಂದು ಅರ್ಧ ಉಳಿಸಿದ್ದರು. ಸಿಸ್ಟರ್ ಬಾಗಿಲಲ್ಲಿ ಇಣುಕಿದಳು.

"ಅಪ್ರೂವಲ್ ಬಂತಾ ಆಂಟಿ?"

"ಬಂತು."

"ಹಾಗಾದ್ರೆ ಎಬ್ಬಿಸಿ. ಆರು ಗಂಟೆ ದಾಟಿದ್ರೆ ರೂಮಿಗೆ ಇನ್ನೊಂದು ದಿನದ್ದು ಹಾಕ್ತಾರೆ. ಕೆಳಗಡೆ ಕೇಳಲ್ಲ ಅವ್ರು."

"ಎಬ್ಬಿಸ್ತೀನಿ ಸಿಸ್ಟರ್."

ಎಂದಳು, ಮತ್ತು ಕುರ್ಚಿ ಎಳೆದು ಕೂತಳು. ಗಡಿಯಾರದಲ್ಲಿ ಐದೂ ಹತ್ತು. ಕಿಟಕಿಯ ಹೊರಗೆ ಸಂಜೆಯ ಮೆಟ್ರೋ ಜನ ತುಂಬಿಕೊಂಡು ಪೀಣ್ಯದ ಕಡೆ ಹೋಯಿತು. ಅತ್ತೆಯ ಎದೆ ಮೇಲೆ ಕೆಳಗೆ ಆಗುತ್ತಿರುವುದನ್ನು ನೋಡುತ್ತ, ಇನ್ನು ಎಬ್ಬಿಸಬೇಕು ಎಂದುಕೊಳ್ಳುತ್ತ, ಎಬ್ಬಿಸದೆ, ಮೈಸೂರ್‌ಪಾಕಿನ ಅರ್ಧವನ್ನು ಬಾಯಿಗೆ ಹಾಕಿಕೊಂಡು ಅದು ಕರಗುವವರೆಗೆ ಕೂತೇ ಇದ್ದಳು.